ಎಡದಿಂದ ಎಳೆದ ಚೌಕಟ್ಟು, ಬಲದಿಂದ ಎಳೆದ ಚೌಕಟ್ಟು
(ಸಂಘದ ಕಂಪ್ಯೂಟರ್ ತರಬೇತಿ ವರ್ಗದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಆಟೋಕ್ಯಾಡ್ ಕಲಿಯುತ್ತಿರುವ ಮಕ್ಕಳಿಗೆ ನೀವು ಒಂದು ಉಪನ್ಯಾಸ ಕೊಡಬೇಕು ಎಂದು ಕಾರ್ಯದರ್ಶಿಯವರು ಕೇಳಿದಾಗ ನನಗೆ ನಗು ಬಂತು. ನಾನು ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವಳು. ಇಂಜಿನಿಯರ್ ಅಲ್ಲ. ಆದರೆ ಈ ವರ್ಗದ ಕೆಲವು ಮಕ್ಕಳು ಸಂಜೆ ಹೊತ್ತು ನೋಟ್ಸ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದುದು ಅವರಿಗೆ ಗೊತ್ತಿತ್ತು. ನೋಟ್ಸ್ ಇಂಗ್ಲಿಷಿನಲ್ಲಿ, ಮಕ್ಕಳು ಓದಿದ್ದು ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ. ಒಬ್ಬ ಹುಡುಗ ಕೇಳಿದ: "ಟೀಚರ್, ಪರದೆಯ ಕೆಳಗೆ ಆರು ಫೌಂಡ್ ಅಂತ ಬರುತ್ತೆ. ಯಾರು ಏನನ್ನು ಹುಡುಕಿದರು?" ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಾನೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ಕಲಿಯಬೇಕಾಯಿತು. ಕಲಿತದ್ದರಲ್ಲಿ ಒಂದೇ ಒಂದು ವಿಷಯವನ್ನು ಇವತ್ತು ಎತ್ತಿಕೊಳ್ಳುತ್ತೇನೆ. ನಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಗೆರೆಗಳನ್ನು ಒಟ್ಟಿಗೆ ಆರಿಸುವುದು ಹೇಗೆ, ಮತ್ತು ಆರಿಸಿದ್ದು ನಿಜವಾಗಿ ಏನು ಎಂದು ತಿಳಿಯುವುದು ಹೇಗೆ.

ಇದು ತೀರಾ ಸಣ್ಣ ವಿಷಯ ಎಂದು ನಿಮಗೆ ಅನ್ನಿಸಬಹುದು. ಲೈನ್, ಸರ್ಕಲ್, ಟ್ರಿಮ್, ಆಫ್‌ಸೆಟ್ ಎಂದು ಕಮಾಂಡ್‌ಗಳನ್ನು ಬಾಯಿಪಾಠ ಮಾಡಿದವರಿಗೆ ಆರಿಸುವುದು ಒಂದು ಪಾಠವೇ ಅಲ್ಲ. ಆದರೆ ಅಳಿಸುವುದಿರಲಿ, ಸರಿಸುವುದಿರಲಿ, ನಕಲು ಮಾಡುವುದಿರಲಿ, ಕಂಪ್ಯೂಟರ್ ಮೊದಲು ಕೇಳುವುದು "ಯಾವುದನ್ನು?" ಎಂದೇ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿ ಪ್ರಬಂಧಕ್ಕಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಮಾಡಿದರು. ಪರದೆಯ ಮೇಲಿನ ಗೆರೆಗೆ ಬೆಳಕಿನ ಪೆನ್ನು ಹಿಡಿದು "ಇದು" ಎಂದು ತೋರಿಸಬೇಕಿತ್ತು. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಪೆನ್ನು ಹೋಗಿ ಮೌಸ್ ಬಂದರೂ ಆ ಪ್ರಶ್ನೆ ಹಾಗೇ ಉಳಿದಿದೆ.

ಮೊದಲು ಒಂದು ವ್ಯಾಕರಣದ ಮಾತು. ಅಭ್ಯಾಸ ಬಲ, ಕ್ಷಮಿಸಿ. "ಗೋಡೆಯನ್ನು ಅಳಿಸು" ಎಂದು ನಾವು ಹೇಳುತ್ತೇವೆ. ಕರ್ಮ ಮೊದಲು, ಕ್ರಿಯಾಪದ ಆಮೇಲೆ. ಉರ್ದುವಿನಲ್ಲೂ "ದೀವಾರ್ ಮಿಟಾವೋ" ಎಂದೇ ಕ್ರಮ. ಇಂಗ್ಲಿಷಿನಲ್ಲಿ ಅದು ತಿರುಗಾಮುರುಗಾ, ಮೊದಲು ಅಳಿಸು, ಆಮೇಲೆ ಗೋಡೆ. ಆಟೋಕ್ಯಾಡ್‌ನಲ್ಲಿ ಎರಡೂ ಕ್ರಮ ನಡೆಯುತ್ತದೆ. ಗೆರೆಯನ್ನು ಮೊದಲು ಆರಿಸಿ ಆಮೇಲೆ ಇರೇಸ್ ಎನ್ನಬಹುದು, ಇರೇಸ್ ಎಂದು ಆಮೇಲೆ ಗೆರೆಯನ್ನು ಆರಿಸಬಹುದು. ಆಪ್ಷನ್ಸ್ ಪಟ್ಟಿಯ ಸೆಲೆಕ್ಷನ್ ಪುಟದಲ್ಲಿ ಇದಕ್ಕೆ ಇಟ್ಟಿರುವ ಹೆಸರೇ "ನೌನ್ ವರ್ಬ್ ಸೆಲೆಕ್ಷನ್". ನಾಮಪದ, ಕ್ರಿಯಾಪದ! ಅದನ್ನು ಓದಿದ ದಿನ ನನಗೆ ಈ ವರ್ಗ ಅಷ್ಟೇನೂ ಪರಕೀಯವಲ್ಲ ಅನ್ನಿಸಿತು.

ಆದರೆ ಎರಡು ಕ್ರಮಗಳ ನಡುವೆ ಒಂದು ವ್ಯತ್ಯಾಸ ಇದೆ, ಗಮನಿಸಿ. ಮೊದಲೇ ಆರಿಸಿಟ್ಟು ಇರೇಸ್ ಕೊಟ್ಟರೆ ಅದು ಮತ್ತೆ ಕೇಳುವುದಿಲ್ಲ, ಆ ಕ್ಷಣವೇ ಅಳಿಸುತ್ತದೆ. ಮೊದಲು ಇರೇಸ್ ಕೊಟ್ಟರೆ "ಸೆಲೆಕ್ಟ್ ಆಬ್ಜೆಕ್ಟ್ಸ್" ಎಂದು ಕೇಳುತ್ತದೆ, ನೀವು ಆರಿಸಿದಷ್ಟೂ ಮತ್ತೆ ಮತ್ತೆ ಕೇಳುತ್ತದೆ, ಎಂಟರ್ ಒತ್ತುವ ತನಕ ಏನನ್ನೂ ಮಾಡುವುದಿಲ್ಲ. ಎಂಟರ್‌ಗೆ ಮುಂಚಿನ ಆ ಬಿಡುವು ಹೊಸಬರಿಗೆ ದೊಡ್ಡ ಉಪಕಾರ. ಕೈ ಪಳಗುವ ತನಕ ನಮ್ಮ ಭಾಷೆಯ ಕ್ರಮ ಬಿಟ್ಟು ಇಂಗ್ಲಿಷಿನ ಕ್ರಮವನ್ನೇ ಹಿಡಿಯಿರಿ ಎಂದು ಕನ್ನಡ ಟೀಚರ್ ಆಗಿಯೇ ಹೇಳುತ್ತಿದ್ದೇನೆ.

ಇನ್ನು ಆರಿಸುವ ಬಗೆ. ಒಂದೊಂದೇ ಗೆರೆಯ ಮೇಲೆ ಕ್ಲಿಕ್ ಮಾಡುತ್ತ ಹೋಗುವುದು ಎಲ್ಲರಿಗೂ ಗೊತ್ತು. ಹತ್ತು ಗೆರೆ ಇದ್ದರೆ ಹತ್ತು ಕ್ಲಿಕ್. ಹೆಚ್ಚಾಗಿ ಸೇರಿದ್ದನ್ನು ಶಿಫ್ಟ್ ಹಿಡಿದು ಕ್ಲಿಕ್ ಮಾಡಿದರೆ ಅದು ಆಯ್ಕೆಯಿಂದ ಹೊರಗೆ ಬರುತ್ತದೆ. ಕೆಲವು ಕಂಪ್ಯೂಟರ್‌ಗಳಲ್ಲಿ ಎರಡನೆಯ ಗೆರೆ ಆರಿಸಿದ ಕೂಡಲೇ ಮೊದಲನೆಯದು ಬಿಟ್ಟು ಹೋಗುತ್ತದೆ. "ಟೀಚರ್, ಈ ಸಿಸ್ಟಮ್ ಕೆಟ್ಟಿದೆ" ಎಂದು ನಮ್ಮ ಹುಡುಗಿಯೊಬ್ಬಳು ಎದ್ದು ಬೇರೆ ಕಡೆ ಹೋಗಿ ಕೂತಿದ್ದಳು. ಕೆಟ್ಟಿರಲಿಲ್ಲ. ಪಿಕ್‌ಆಡ್ ಎಂಬ ಒಂದು ಸೆಟ್ಟಿಂಗ್ ಸೊನ್ನೆಗೆ ಹೋಗಿತ್ತು, ಅಷ್ಟೇ. ಕಮಾಂಡ್ ಲೈನಿನಲ್ಲಿ ಆ ಹೆಸರು ಬರೆದು 2 ಕೊಟ್ಟರೆ ಸರಿಹೋಗುತ್ತದೆ.

ನೂರಾರು ಗೆರೆಗಳಿರುವ ಮನೆಯ ನಕ್ಷೆಯಲ್ಲಿ ಕ್ಲಿಕ್ ಮಾಡುತ್ತ ಕೂರಲು ಆಗುವುದಿಲ್ಲ. ಅದಕ್ಕೇ ಚೌಕಟ್ಟು. ಖಾಲಿ ಜಾಗದಲ್ಲಿ ಒಂದು ಕ್ಲಿಕ್, ಮೌಸ್ ಸರಿಸಿ ಎದುರು ಮೂಲೆಯಲ್ಲಿ ಇನ್ನೊಂದು ಕ್ಲಿಕ್. ಗುಟ್ಟು ಇರುವುದು ಯಾವ ದಿಕ್ಕಿಗೆ ಸರಿಸಿದಿರಿ ಎಂಬುದರಲ್ಲಿ. ಎಡದಿಂದ ಬಲಕ್ಕೆ ಹೋದರೆ ನೀಲಿ ಚೌಕಟ್ಟು, ಅಂಚು ಅಖಂಡ ಗೆರೆ. ಇದಕ್ಕೆ ವಿಂಡೋ ಎನ್ನುತ್ತಾರೆ. ಪೂರ್ತಿ ಒಳಗೆ ಇರುವುದು ಮಾತ್ರ ಆಯ್ಕೆಯಾಗುತ್ತದೆ, ಒಂದು ತುದಿ ಹೊರಗಿದ್ದರೂ ಆ ಗೆರೆ ಲೆಕ್ಕಕ್ಕಿಲ್ಲ. ಬಲದಿಂದ ಎಡಕ್ಕೆ ಹೋದರೆ ಹಸಿರು ಚೌಕಟ್ಟು, ಅಂಚು ತುಂಡು ತುಂಡು ಗೆರೆ. ಇದು ಕ್ರಾಸಿಂಗ್. ಒಳಗಿರುವುದರ ಜೊತೆಗೆ ಅಂಚಿಗೆ ಸ್ವಲ್ಪ ತಾಗಿದ್ದೂ ಪೂರ್ತಿಯಾಗಿ ಆಯ್ಕೆಯಾಗುತ್ತದೆ. ಮೇಲಿನಿಂದ ಕೆಳಗೋ ಕೆಳಗಿನಿಂದ ಮೇಲೋ ಎಂಬುದು ಮುಖ್ಯವಲ್ಲ. ಎಡ ಬಲ ಮಾತ್ರ ಮುಖ್ಯ.

ನೆನಪಿಗೆ ಇದಕ್ಕಿಂತ ಸುಲಭ ಏನು ಬೇಕು? ಕನ್ನಡ ಬರೆಯುವ ದಿಕ್ಕಿಗೆ ಎಳೆದರೆ ವಿಂಡೋ, ಉರ್ದು ಬರೆಯುವ ದಿಕ್ಕಿಗೆ ಎಳೆದರೆ ಕ್ರಾಸಿಂಗ್. ಇದನ್ನು ವರ್ಗದಲ್ಲಿ ಹೇಳಿದಾಗ ಒಬ್ಬ ತುಂಟ, "ಹಾಗಾದರೆ ಉರ್ದು ಮುಟ್ಟಿದವರನ್ನೆಲ್ಲ ತಬ್ಬಿಕೊಳ್ಳುತ್ತದೆ, ಕನ್ನಡ ಕಟ್ಟುನಿಟ್ಟು, ಅಲ್ಲವಾ ಟೀಚರ್?" ಎಂದ. ಅಂಥ ಅರ್ಥ ಎಲ್ಲ ಕಟ್ಟಬೇಡಪ್ಪ, ನೆನಪಿಗೆ ಮಾತ್ರ ಇಟ್ಟುಕೋ ಎಂದೆ.

ಹೊಸ ಆವೃತ್ತಿಗಳಲ್ಲಿ ಒಂದು ತೊಡಕು ಇದೆ. ಮೌಸ್ ಗುಂಡಿಯನ್ನು ಒತ್ತಿ ಬಿಟ್ಟು ಸರಿಸಿದರೆ ಚೌಕಟ್ಟು ಬರುತ್ತದೆ. ಒತ್ತಿ ಹಿಡಿದೇ ಸರಿಸಿದರೆ ಅಂಕುಡೊಂಕಾದ ಲ್ಯಾಸೊ ಬರುತ್ತದೆ. ಇದು ಆಟೋಕ್ಯಾಡ್ 2015ರಿಂದ ಬಂದದ್ದು. "ನಾನು ಚೌಕಟ್ಟು ಎಳೆದರೆ ಹಗ್ಗ ಬರುತ್ತೆ" ಎಂದು ದೂರುವವರೆಲ್ಲ ಬೆರಳು ಎತ್ತುವುದನ್ನು ಮರೆತವರು.

ಈಗ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ತಮ್ಮನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಅವನು ಐಟಿಐಯಲ್ಲಿ ಎರಡು ವರ್ಷ ಡ್ರಾಫ್ಟ್ಸ್‌ಮನ್ ಸಿವಿಲ್ ಓದಿ ಒಬ್ಬ ಇಂಜಿನಿಯರರ ಆಫೀಸಿಗೆ ಕೆಲಸಕ್ಕೆ ಸೇರಿದ್ದ. ಕೈ ಚುರುಕು. ಸೇರಿ ಎರಡನೇ ತಿಂಗಳು. ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆಯ ನಕ್ಷೆ. ಬಚ್ಚಲಮನೆಯ ವೆಂಟಿಲೇಟರನ್ನು ಒಂದು ಅಡಿ ಪಕ್ಕಕ್ಕೆ ಸರಿಸು ಎಂದು ಇಂಜಿನಿಯರ್ ಹೇಳಿದರು. ಇವನು ಮೂವ್ ಕೊಟ್ಟ, ಬಲದಿಂದ ಎಡಕ್ಕೆ ಒಂದು ಚೌಕಟ್ಟು ಎಳೆದ, ಎಂಟರ್ ಒತ್ತಿದ, ಒಂದು ಅಡಿ ಸರಿಸಿದ. ಅರ್ಧ ನಿಮಿಷದ ಕೆಲಸ. ಗೋಡೆಯ ಗೆರೆಗಳು ಕದಲಬಾರದೆಂದು ಆ ಲೇಯರ್‌ಗೆ ಮೊದಲೇ ಬೀಗ ಹಾಕಿದ್ದ. ಅಷ್ಟು ಎಚ್ಚರ ಇತ್ತು. ಆದರೆ ಮೂಲೆಯ ಕಾಲಮ್ ಇದ್ದ ಲೇಯರ್‌ಗೆ ಬೀಗ ಇರಲಿಲ್ಲ. ಹಸಿರು ಚೌಕಟ್ಟಿನ ಅಂಚು ಆ ಕಾಲಮ್‌ಗೆ ತಾಗಿತ್ತು. ವೆಂಟಿಲೇಟರ್ ಜೊತೆ ಕಾಲಮ್ ಕೂಡ ಒಂದು ಅಡಿ ಹೋಯಿತು.

ಪರದೆಯ ಮೇಲೆ ಅದು ಕಣ್ಣಿಗೆ ಬೀಳಲಿಲ್ಲ. ಒಂಬತ್ತು ಇಂಚಿನ ಗೋಡೆ, ಕಾಲಮ್‌ನ ಅಗಲವೂ ಒಂಬತ್ತು ಇಂಚು. ಅದು ಗೋಡೆಯ ಎರಡು ಗೆರೆಗಳ ನಡುವೆಯೇ ಜಾರಿ ಅಚ್ಚುಕಟ್ಟಾಗಿ ಕೂತಿತ್ತು. ಕಾಲಮ್ ಮಾರ್ಕಿಂಗ್ ನಕ್ಷೆಯೂ ಅದೇ ಫೈಲಿನಿಂದ ತಯಾರಾಯಿತು. ಅಳತೆಗಳನ್ನು ಹಾಕಿದ್ದು ಆಮೇಲೆ. ಹಾಗಾಗಿ ತಪ್ಪು ಜಾಗಕ್ಕೆ ಸರಿಯಾದ ಅಳತೆ ಬಂದು ಕೂತಿತು. ಆ ಅಂಕಿಗಳನ್ನು ನೋಡಿದವರಿಗೆ ಅನುಮಾನ ಬರಲು ಕಾರಣವೇ ಇರಲಿಲ್ಲ.

ಕಂಡುಹಿಡಿದವರು ಮೇಸ್ತ್ರಿ. ಸೈಟಿನಲ್ಲಿ ಸುಣ್ಣ ಹಾಕಿ ಗುರುತು ಮಾಡಿ, ಆ ಮೂಲೆಯ ಗುಂಡಿ ಅರ್ಧ ತೋಡಿಯಾಗಿತ್ತು. ಅವರು ಇನ್ನೊಂದು ದಿಕ್ಕಿಗೆ ದಾರ ಕಟ್ಟಿ ನೋಡಿದರು. ದಾರ ಎರಡು ಕಾಲಮ್ ಗುರುತಿನ ಮೇಲೆ ಹಾಯುತ್ತದೆ, ಮೂರನೆಯದರ ಮೇಲೆ ಹಾಯುವುದಿಲ್ಲ. "ಇದರ ಮೇಲೆ ಬೀಮ್ ಹೇಗೆ ಕೂರುತ್ತೆ ಸಾರ್?" ಎಂದು ಫೋನ್ ಮಾಡಿದರು. ಕಾಂಕ್ರೀಟ್ ಬೀಳುವ ಮುಂಚೆ ಗೊತ್ತಾದದ್ದು ಅಲ್ಲಾಹನ ಕೃಪೆ. ಆದರೂ ಇಬ್ಬರು ಆಳುಗಳ ಒಂದು ದಿನದ ಕೂಲಿ ನನ್ನ ತಮ್ಮನ ಸಂಬಳದಿಂದ ಹೋಯಿತು. ಎರಡು ದಿನ ಅವನು ಕೆಲಸಕ್ಕೆ ಹೋಗಲಿಲ್ಲ, ಸರಿಯಾಗಿ ಊಟ ಮಾಡಲಿಲ್ಲ. ಒಂದೇ ಮಾತು: "ಆಪಾ, ನಾನು ಆ ಕಾಲಮ್ ಮುಟ್ಟಲೇ ಇಲ್ಲ." ಅವನು ಸುಳ್ಳು ಹೇಳುವವನಲ್ಲ. ಅವನು ಮುಟ್ಟಿರಲಿಲ್ಲ, ಅವನ ಚೌಕಟ್ಟು ಮುಟ್ಟಿತ್ತು.

ಮೂರನೇ ದಿನ ಹೋಗಿ ಫೈಲಿನ ಹಳೆಯ ಪ್ರತಿ ತೆಗೆದು ಅದೇ ಕೆಲಸವನ್ನು ಮತ್ತೆ ಮಾಡಿ ನೋಡಿದ. ಕೆಳಗೆ ಕಮಾಂಡ್ ಲೈನಿನಲ್ಲಿ ಬರೆದಿತ್ತು: 6 ಫೌಂಡ್. ಅದರ ಕೆಳಗೆ, 2 ವರ್ ಆನ್ ಎ ಲಾಕ್ಡ್ ಲೇಯರ್. ಆರು ಸಿಕ್ಕಿವೆ, ಅದರಲ್ಲಿ ಎರಡು ಬೀಗ ಹಾಕಿದ ಲೇಯರಿನಲ್ಲಿವೆ. ಆ ಎರಡು ಗೋಡೆಯ ಗೆರೆಗಳು. ಉಳಿದದ್ದು ನಾಲ್ಕು. ಇವನಿಗೆ ಬೇಕಾಗಿದ್ದದ್ದು ಎರಡು, ವೆಂಟಿಲೇಟರ್ ಬ್ಲಾಕ್ ಒಂದು, ಅದರ ಹೆಸರು ಬರೆದ ಅಕ್ಷರ ಒಂದು. ಹೆಚ್ಚಿಗೆ ಬಂದ ಎರಡು ಎಂದರೆ ಕಾಲಮ್‌ನ ಚೌಕ ಮತ್ತು ಅದರೊಳಗೆ ತುಂಬಿದ ಹ್ಯಾಚ್. ಕಂಪ್ಯೂಟರ್ ಮೊದಲ ದಿನವೇ ಇದನ್ನು ಹೇಳಿತ್ತು. ಇವನು ಓದಲಿಲ್ಲ.

ಮಕ್ಕಳೇ, ನೀವು ಕೇಳಿದ "ಫೌಂಡ್" ಅಂದರೆ ಇದೇ. ನೀವು ಬೀಸಿದ ಬಲೆಯಲ್ಲಿ ಎಷ್ಟು ಬಿದ್ದವು ಎಂಬ ಲೆಕ್ಕ. ಎರಡನೇ ಸಲ ಆರಿಸಿದಾಗ "2 ಫೌಂಡ್, 5 ಟೋಟಲ್" ಎಂದು ಬಂದರೆ ಈಗ ಎರಡು, ಹಿಂದಿನದೂ ಸೇರಿ ಐದು. ನಡುವೆ ಡುಪ್ಲಿಕೇಟ್ ಎಂಬ ಪದ ಬಂದರೆ ಆಗಲೇ ಆರಿಸಿದ್ದನ್ನು ಮತ್ತೆ ಆರಿಸಿದ್ದೀರಿ ಎಂದು. ಶಿಫ್ಟ್ ಹಿಡಿದು ತೆಗೆದಾಗ ರಿಮೂವ್ಡ್ ಎಂದು ಬರುತ್ತದೆ. ಒಟ್ಟು ಐದಾರು ಪದ. ಇಷ್ಟನ್ನು ಕಲಿಯಲು ಇಂಗ್ಲಿಷ್ ಮಾಧ್ಯಮವೇ ಬೇಕಾಗಿಲ್ಲ. ಇಂಗ್ಲಿಷ್ ಎಂದ ಕೂಡಲೇ ಕಣ್ಣು ಆ ಸಾಲನ್ನು ಹಾರಿಸಿ ಹೋಗುವ ಅಭ್ಯಾಸ ಬಿಡಬೇಕು, ಅಷ್ಟೇ. ನನ್ನ ತಮ್ಮನಿಗೆ ಇಂಗ್ಲಿಷ್ ಓದಲು ಬರುತ್ತಿತ್ತು. ಆದರೂ ಓದಲಿಲ್ಲ ಎಂಬುದನ್ನೂ ನೆನಪಿಡಿ.

ಎಣಿಕೆ ಅರ್ಥವಾಗಬೇಕಾದರೆ ಒಂದು ಎಂದರೆ ಏನು ಎಂದು ಗೊತ್ತಿರಬೇಕು. ಲೈನ್ ಕಮಾಂಡಿನಲ್ಲಿ ನಾಲ್ಕು ಗೆರೆ ಎಳೆದು ಕೋಣೆ ಮಾಡಿದರೆ ಅದು ನಾಲ್ಕು. ರೆಕ್ಟ್ಯಾಂಗಲ್ ಕಮಾಂಡಿನಲ್ಲಿ ಅದೇ ಕೋಣೆ ಎಳೆದರೆ ಅದು ಒಂದು. ಮಂಚ, ದಿಂಬು, ಹೊದಿಕೆ ಎಲ್ಲ ಇರುವ ಬ್ಲಾಕ್ ಕೂಡ ಒಂದೇ. ಇದು ನಮ್ಮ ಸಮಾಸದ ಹಾಗೆ. "ಹೆಬ್ಬಾಗಿಲು" ಒಂದು ಪದ, ವಿಗ್ರಹವಾಕ್ಯ ಮಾಡಿದರೆ "ಹಿರಿದಾದ ಬಾಗಿಲು", ಎರಡು ಪದ. ಆ ಬಿಡಿಸುವ ಕೆಲಸಕ್ಕೆ ಇಲ್ಲಿ ಎಕ್ಸ್‌ಪ್ಲೋಡ್ ಎನ್ನುತ್ತಾರೆ. ಒಂದು ಕುರ್ಚಿ ಮುಟ್ಟಿದರೆ ಊಟದ ಮೇಜಿನ ಸುತ್ತಲಿನ ಎಲ್ಲ ಕುರ್ಚಿಗಳೂ ಬಂದರೆ ಯಾರೋ ಅವನ್ನು ಗ್ರೂಪ್ ಮಾಡಿದ್ದಾರೆ ಎಂದರ್ಥ. ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಿ, ಬಿಡಿ ಬಿಡಿಯಾಗಿ ಸಿಗುತ್ತವೆ.

ಇದರಿಂದ ಇನ್ನೊಂದು ಲಾಭ ಇದೆ. ಒಂದೇ ಒಂದು ಗೆರೆಯ ಸುತ್ತ ನೀಲಿ ಚೌಕಟ್ಟು ಎಳೆಯಿರಿ. ಒಂದು ಎಂದು ಬರಬೇಕು. ಎರಡು ಎಂದು ಬಂದರೆ ಅಲ್ಲಿ ಗೆರೆಯ ಮೇಲೆ ಗೆರೆ ಕೂತಿದೆ. ಒಂದನ್ನು ಅಳಿಸಿದರೂ ಗೋಡೆ ಹಾಗೇ ಕಾಣುತ್ತದೆ, ನೀವು ಇರೇಸ್ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳುತ್ತೀರಿ. ಓವರ್‌ಕಿಲ್ ಎಂಬ ಕಮಾಂಡ್ ಇಂಥ ಜೋಡಿ ಗೆರೆಗಳನ್ನು ತೆಗೆಯುತ್ತದೆ. ಹೆಸರು ಸ್ವಲ್ಪ ಭಯಂಕರವಾಗಿದೆ, ಹೆದರಬೇಡಿ.

ಹಾಗಾದರೆ ಬಲದಿಂದ ಎಳೆಯಲೇಬಾರದೇ ಎಂದು ಕೇಳುತ್ತೀರಿ. ಖಂಡಿತ ಎಳೆಯಬೇಕು. ಸ್ಟ್ರೆಚ್ ಎಂಬ ಕಮಾಂಡಿಗೆ ಅದೇ ಬೇಕು. ಹತ್ತು ಅಡಿಯ ಕೋಣೆಯನ್ನು ಹನ್ನೆರಡು ಅಡಿ ಮಾಡಬೇಕು ಎನ್ನಿ. ಸರಿಯಬೇಕಾದ ಗೋಡೆ ಪೂರ್ತಿ ಒಳಗಿರುವಂತೆ, ಉದ್ದವಾಗಬೇಕಾದ ಎರಡು ಗೋಡೆಗಳ ಒಂದೊಂದು ತುದಿ ಮಾತ್ರ ಒಳಗಿರುವಂತೆ ಹಸಿರು ಚೌಕಟ್ಟು ಎಳೆಯಬೇಕು. ಒಳಗಿದ್ದ ತುದಿ ಎರಡು ಅಡಿ ಹೋಗುತ್ತದೆ, ಹೊರಗಿದ್ದ ತುದಿ ಇದ್ದಲ್ಲೇ ಇರುತ್ತದೆ, ಗೋಡೆ ಹಿಗ್ಗುತ್ತದೆ. ಇಲ್ಲಿ ಗೋಡೆಗಳನ್ನು ಒಂದೊಂದಾಗಿ ಕ್ಲಿಕ್ ಮಾಡಿ ಆರಿಸಿದರೆ ಹಿಗ್ಗುವುದಿಲ್ಲ, ಇಡೀ ಗೋಡೆಯೇ ಎದ್ದು ಹೋಗುತ್ತದೆ. ಅಂದರೆ ಯಾವುದನ್ನು ಆರಿಸಿದಿರಿ ಎಂಬುದರ ಜೊತೆ ಹೇಗೆ ಆರಿಸಿದಿರಿ ಎಂಬುದೂ ಫಲವನ್ನು ಬದಲಿಸುತ್ತದೆ. ಈ ವರ್ಗದಲ್ಲಿ ಹೆಚ್ಚು ಮಕ್ಕಳು ಎಡವಿದ್ದು ಇಲ್ಲೇ.

"ಸೆಲೆಕ್ಟ್ ಆಬ್ಜೆಕ್ಟ್ಸ್" ಎಂದು ಕೇಳಿದಾಗ ಮೌಸ್ ಬಿಟ್ಟು ಅಕ್ಷರದಲ್ಲೂ ಉತ್ತರ ಕೊಡಬಹುದು. ಪಿ ಎಂದರೆ ಹಿಂದಿನ ಸಲ ಆರಿಸಿದ್ದೇ ಮತ್ತೆ. ಎಲ್ ಎಂದರೆ ಕೊನೆಯದಾಗಿ ಬರೆದದ್ದು. ಎಫ್ ಎಂದರೆ ಬೇಲಿ, ಆ ಬೇಲಿಯ ಗೆರೆ ದಾಟಿದ್ದೆಲ್ಲ ಸಿಗುತ್ತದೆ, ಇಕ್ಕಟ್ಟಿನ ಜಾಗಕ್ಕೆ ಒಳ್ಳೆಯದು. ಇವನ್ನೆಲ್ಲ ಕೂತು ಮಾಡಿದರೆ ತಾನಾಗಿ ಬರುತ್ತದೆ. ಆಲ್ ಎಂಬ ಉತ್ತರದ ಬಗ್ಗೆ ಮಾತ್ರ ನಿಂತು ಹೇಳಬೇಕು.

ಆಲ್ ಎಂದರೆ ಕಾಣುವುದೆಲ್ಲ ಎಂದು ನೀವು ತಿಳಿದಿರುತ್ತೀರಿ. ಹಾಗಲ್ಲ. ಲೇಯರನ್ನು ಮರೆಮಾಡಲು ಎರಡು ದಾರಿ ಇದೆ, ಆಫ್ ಮತ್ತು ಫ್ರೀಜ್. ಎರಡರಲ್ಲೂ ಪರದೆಯ ಮೇಲೆ ಗೆರೆ ಕಾಣುವುದಿಲ್ಲ. ಆದರೆ ಫ್ರೀಜ್ ಮಾಡಿದ ಲೇಯರನ್ನು ಆಲ್ ಮುಟ್ಟುವುದಿಲ್ಲ, ಬೀಗ ಹಾಕಿದ್ದನ್ನೂ ಮುಟ್ಟುವುದಿಲ್ಲ. ಬರೀ ಆಫ್ ಮಾಡಿದ ಲೇಯರನ್ನು ಮುಟ್ಟುತ್ತದೆ! ನಮ್ಮ ವರ್ಗದ ಒಬ್ಬ ಹುಡುಗಿ ಪೀಠೋಪಕರಣದ ಲೇಯರ್ ಆಫ್ ಮಾಡಿ, ಉಳಿದ ಗೀಚುಗಳನ್ನು ತೆಗೆಯಲು ಇರೇಸ್ ಆಲ್ ಕೊಟ್ಟಳು. ಆಮೇಲೆ ಆನ್ ಮಾಡಿದರೆ ಮಂಚವೂ ಇಲ್ಲ, ಮೇಜೂ ಇಲ್ಲ. ಎರಡು ದಿನ ಕೂತು ಬರೆದದ್ದು. ಕಣ್ಣಲ್ಲಿ ನೀರು. ಆಗ ನಮ್ಮ ಬೋಧಕರು ಊಪ್ಸ್ ಎಂಬ ಕಮಾಂಡ್ ಹೇಳಿಕೊಟ್ಟರು. ಕೊನೆಯ ಇರೇಸ್‌ನಲ್ಲಿ ಹೋದದ್ದನ್ನೆಲ್ಲ ಅದು ವಾಪಸ್ ತರುತ್ತದೆ, ನಡುವೆ ಬೇರೆ ಗೆರೆ ಎಳೆದಿದ್ದರೂ ಅವು ಹೋಗುವುದಿಲ್ಲ. ಅಯ್ಯೋ ಎಂಬ ಪದಕ್ಕೆ ಇಷ್ಟು ಶಕ್ತಿ ಇರುವುದನ್ನು ನಾನು ಬೇರೆ ಯಾವ ಭಾಷೆಯಲ್ಲೂ ಕಂಡಿಲ್ಲ. ಆದರೆ ಊಪ್ಸ್ ಮೂವ್ ಮಾಡಿದ್ದಕ್ಕೆ ನಡೆಯದು. ಅಲ್ಲಿ ಅನ್‌ಡೂ ಒಂದೇ ದಾರಿ, ಅದೂ ತಪ್ಪು ಆಗಿದೆ ಎಂದು ಗೊತ್ತಾದವನಿಗೆ ಮಾತ್ರ.

ದೊಡ್ಡ ನಕ್ಷೆಗಳಿಗೆ ಕ್ವಿಕ್ ಸೆಲೆಕ್ಟ್ ಇದೆ. ಎಲ್ಲ ವೃತ್ತಗಳನ್ನು ಕೊಡು, ಈ ಬಣ್ಣದ ಗೆರೆಗಳನ್ನು ಕೊಡು, ಇಷ್ಟು ಎತ್ತರದ ಅಕ್ಷರಗಳನ್ನು ಕೊಡು ಎಂದು ಷರತ್ತು ಹಾಕಿ ಕೇಳಬಹುದು. ಒಂದು ಕಿಟಕಿಯನ್ನು ಆರಿಸಿ ರೈಟ್ ಕ್ಲಿಕ್ ಮಾಡಿ ಸೆಲೆಕ್ಟ್ ಸಿಮಿಲರ್ ಎಂದರೆ ಅದೇ ಲೇಯರಿನ ಅದೇ ಹೆಸರಿನ ಕಿಟಕಿಗಳೆಲ್ಲ ಬರುತ್ತವೆ. ಇದು 2011ರ ಆವೃತ್ತಿಯಿಂದ ಇದೆ. ಆರಿಸಿದ ಮೇಲೆ ಕಂಟ್ರೋಲ್ ಹಿಡಿದು 1 ಒತ್ತಿದರೆ ಪ್ರಾಪರ್ಟೀಸ್ ಪಟ್ಟಿ ಬರುತ್ತದೆ. ಅದರ ತಲೆಯ ಮೇಲೆ ಒಟ್ಟು ಎಷ್ಟು, ಅದರಲ್ಲಿ ಲೈನ್ ಎಷ್ಟು, ಸರ್ಕಲ್ ಎಷ್ಟು, ಟೆಕ್ಸ್ಟ್ ಎಷ್ಟು ಎಂದು ಬಿಡಿಬಿಡಿಯಾಗಿ ಇರುತ್ತದೆ. ಆ ದಿನ ನನ್ನ ತಮ್ಮ ಅದನ್ನು ತೆರೆದಿದ್ದರೆ ಹ್ಯಾಚ್ ಎಂಬ ಪದ ಕಂಡು ಅಲ್ಲೇ ನಿಲ್ಲುತ್ತಿದ್ದ. ವೆಂಟಿಲೇಟರಿಗೆ ಎಲ್ಲಿಯ ಹ್ಯಾಚ್?

ಅವನು ಈಗಲೂ ಅದೇ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಕೂತು ನಕ್ಷೆ ಮಾಡುವಾಗ ಎಂಟರ್‌ಗೆ ಮುಂಚೆ ತುಟಿ ಅಲ್ಲಾಡುವುದನ್ನು ನೋಡಿ ಅಮ್ಮ ಏನೋ ದುಆ ಓದುತ್ತಿದ್ದಾನೆ ಎಂದುಕೊಂಡಿದ್ದರು. ಹತ್ತಿರ ಹೋಗಿ ಕೇಳಿದರೆ "ದೋ ಬ್ಲಾಕ್, ಏಕ್ ಟೆಕ್ಸ್ಟ್, ತೀನ್" ಎಂದು ಎಣಿಸುತ್ತಿದ್ದ.

ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್‌ಗಳನ್ನು ಆನ್ ಮಾಡಿ ಇಟ್ಟಿದ್ದಾರೆ. ಎಲ್ಲದರಲ್ಲೂ ಒಂದೇ ಮನೆಯ ನಕ್ಷೆ ಇದೆ. ಚಹಾ ಕುಡಿದು ಬನ್ನಿ. ಅಡುಗೆಮನೆಯ ಕಿಟಕಿಯನ್ನು ಮಾತ್ರ ಎರಡು ಅಡಿ ಎಡಕ್ಕೆ ಸರಿಸಬೇಕು. ಎಂಟರ್ ಒತ್ತುವ ಮುಂಚೆ ಕೆಳಗಿನ ಸಾಲಿನಲ್ಲಿ ಏನು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ನನ್ನ ಕೈಗೆ ಕೊಡಿ. ಆ ಕಿಟಕಿಯ ಪಕ್ಕದಲ್ಲೂ ಒಂದು ಕಾಲಮ್ ಇಟ್ಟಿದ್ದೇವೆ. ವಸ್ಸಲಾಮ್.